ತುಣುಕನಿಗೆ ನೀರು ಕೊಟ್ಟವರು ಯಾರು?

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಮದ್ದು: ಬಟ್ಟೆ ಮುಚ್ಚಿ ಸುಮ್ಮನೆ ಬಿಟ್ಟುಬಿಡುವುದು. ಬೇಕರಿಯವರ ಮನೆ ನೋಡಿ. ನಾದಿದ ಹಿಟ್ಟು ಮೊಂಡು ಹಿಡಿದರೆ ಬಟ್ಟೆ ಮುಚ್ಚಿ ಬಿಡು, ಹದಕ್ಕೆ ಬರುತ್ತದೆ. ಮನುಷ್ಯರಿಗೂ ಅದೇ ಚಿಕಿತ್ಸೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಜ್ವರ ಹಿಡಿದು ಮಲಗಿದಾಗ ಮಾವ ಬಂದು ಮೇಲೊಂದು ಕಂಬಳಿ ಹೊದೆಸಿ, "ಯಾರೂ ಮುಟ್ಬೇಡಿ, ತಾನೇ ಎದ್ದು ಬರ್ತಾಳೆ" ಎಂದು ಬಾಗಿಲು ಎಳೆದುಕೊಂಡು ಹೋಗಿದ್ದರು. ನಾನು ಎದ್ದು ಬಂದದ್ದು ನಿಜ, ಆದರೆ ಜ್ವರ ಬಿಟ್ಟು ಅಲ್ಲ, ಸಿಟ್ಟು ನೆತ್ತಿಗೇರಿ. ಮಾವನಿಗೆ ಮಾತ್ರ ಇವತ್ತಿಗೂ ಅದು ಕಂಬಳಿಯ ಮಹಿಮೆಯೇ.

ಅತ್ತೆಯದು ಇನ್ನೊಂದು ಕಾನೂನು. ನಮ್ಮ ಬೇಕರಿಯಲ್ಲಿ ಎರಡು ರಾಜ್ಯಗಳಿವೆ, ಒದ್ದೆ ಕಡೆ ಮತ್ತು ಒಣ ಕಡೆ. ನಲ್ಲಿ, ತೊಟ್ಟಿ, ಹಿಟ್ಟು ಕಲಸುವ ಮೇಜು ಒದ್ದೆ ಕಡೆ. ಮೈದಾ ಮೂಟೆ, ಸಕ್ಕರೆ ಡಬ್ಬ, ಕೇಕಿನ ರಟ್ಟಿನ ಪೆಟ್ಟಿಗೆಗಳು ಒಣ ಕಡೆ. ಒಣ ಕಡೆಗೆ ಒಂದು ಹನಿ ನೀರೂ ದಾಟಕೂಡದು. ಯಾವ ಕಾಲದಲ್ಲೋ ಯಾರೋ ಅಲ್ಲಿ ಒಂದು ಚೊಂಬು ನೀರು ಚೆಲ್ಲಿ, ಮೂಟೆ ಮೈದಾ ಗಂಟುಗಂಟಾಗಿ ಹುಳ ಬಿದ್ದಿತ್ತಂತೆ. ಅಂದಿನಿಂದ ಒಣ ಕಡೆ ನಿಂತವನಿಗೆ ಬಿಕ್ಕಳಿಕೆ ಬಂದರೂ ಹೊರಗೆ ಬಂದೇ ನೀರು ಕುಡಿಯಬೇಕು. ಈ ಕಾನೂನಿನ ವಿಷಯದಲ್ಲಿ ಅತ್ತೆ ಹೆತ್ತ ಮಕ್ಕಳ ಮುಖವನ್ನೂ ನೋಡುವವರಲ್ಲ.

ಇಂಥ ಮನೆಗೆ ನಾನು ಒಂದು ನಾಯಿಮರಿ ತಂದೆ.

ಅದರ ತಾಯಿ ಕೆಂಚಿ ನಮ್ಮ ಅಂಗಡಿಯ ಮೆಟ್ಟಿಲ ಕೆಳಗೆ ಮಲಗುತ್ತಿದ್ದಳು. ಬೆಳಿಗ್ಗೆ ಶಟರ್ ಎತ್ತಲು ನಾನೊಬ್ಬಳೇ ಬರುವಾಗ ಬೀದಿ ತಿರುವಿನಿಂದಲೇ ಜೊತೆಗೂಡಿ, ದೊಡ್ಡ ಮನೆತನದ ಕಾವಲುಗಾರ್ತಿಯ ಗತ್ತಿನಲ್ಲಿ ಮುಂದೆ ಮುಂದೆ ನಡೆಯುವಳು. ಒಂದು ದಿನ ತಿರುವಿನಲ್ಲಿ ಅವಳು ಇರಲಿಲ್ಲ. ಲಾರಿ ಹೊಡೆದಿತ್ತು. ಅವಳ ಮರಿಗಳನ್ನು ಒಂದೊಂದಾಗಿ ಯಾರ್ಯಾರೋ ಎತ್ತಿಕೊಂಡು ಹೋದರು, ಕೊನೆಗೆ ಉಳಿದದ್ದು ಕಂದು ಬಣ್ಣದ ಒಂದು ಗಂಡು ಮರಿ. ಆಗ ತಾನೇ ಹಲ್ಲು ಮೂಡಿ, ತಾಯಿಯ ಹಾಲು ಬಿಟ್ಟು ಬೇರೆಯದಕ್ಕೆ ಬಾಯಿ ಹಾಕಲು ಕಲಿಯುತ್ತಿತ್ತು. ಕೇಕ್ ಕತ್ತರಿಸುವಾಗ ಅಂಚಿನಲ್ಲಿ ಉಳಿಯುವ ತುಣುಕಿನಷ್ಟೇ ಇದ್ದದ್ದರಿಂದ ಮಾವ ಅದಕ್ಕೆ ತುಣುಕ ಎಂದು ಹೆಸರಿಟ್ಟರು.

"ಇದು ಬೇಕರಿ, ಅನಾಥಾಶ್ರಮ ಅಲ್ಲ" ಎಂದರು ಅತ್ತೆ. "ಎಲ್ಲ ಸೇರಿ ಮುದ್ದು ಮಾಡ್ತೀರ. ಆಮೇಲೆ ಅದನ್ನ ಸಾಯ್ಸಿ ಕೂತ್ಕೊಂಡು ಅಳ್ತೀರ. ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ."

"ಸಾಯೋಕೆ ಬಿಟ್ರೆ ತಾನೇ ಅತ್ತೆ? ಇದನ್ನ ಕೆಂಚಿಯಷ್ಟು ದೊಡ್ಡದು ಮಾಡಿ ನಿಮ್ಮ ಮುಂದೆ ನಿಲ್ಲಿಸ್ದೆ ಇದ್ರೆ ಕೇಳಿ" ಎಂದೆ ನಾನು. ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ.

ಅತ್ತೆ ಮುಖ ಊದಿಸಿಕೊಂಡರು. ಕೊನೆಗೆ ಒಲೆಯ ಹಿಂಗೋಡೆಗೆ ತಾಗಿಕೊಂಡ, ಪೆಟ್ಟಿಗೆ ಜೋಡಿಸಿಡುವ ಸಣ್ಣ ಕೋಣೆಯಲ್ಲಿ ಅದನ್ನು ಇಡಬಹುದು ಎಂದು ಒಪ್ಪಿದರು. ಆ ಕೋಣೆ ಒಣ ಕಡೆಯದು. ಗೋಡೆ ಬೆಚ್ಚಗಿರುತ್ತದೆ, ತಾಯಿಯಿಲ್ಲದ ಮರಿಗೆ ಹಿತ ಎಂದು ನಾವೆಲ್ಲ ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

ಆ ವಾರ ಬಿಸಿಲು ಸುಡುತ್ತಿತ್ತು. ಶನಿವಾರ ಬೇರೆ, ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ. ನನ್ನ ಗಂಡ ಬ್ರೆಡ್ ಹಂಚಲು ವ್ಯಾನ್ ತೆಗೆದುಕೊಂಡು ಹೋಗಿದ್ದ. ಮೈದುನ ಕೇಕಿಗೆ ಕ್ರೀಮ್ ಬಳಿಯುತ್ತಿದ್ದ. ಮಾವ ಒಲೆಯ ಮುಂದೆ, ನಾನು ಮತ್ತು ಅತ್ತೆ ಗಲ್ಲಾದ ಕಡೆ. ಮಧ್ಯಾಹ್ನ ಗಿರಾಕಿ ಸ್ವಲ್ಪ ತೆಳುವಾದಾಗ ನಾನು ಪೆಟ್ಟಿಗೆ ಕೋಣೆಗೆ ಇಣುಕಿದೆ. ನನ್ನ ಚಪ್ಪಲಿ ಸದ್ದಿಗೇ ಉರುಳಿಕೊಂಡು ಬರುತ್ತಿದ್ದ ತುಣುಕ ಬರಲಿಲ್ಲ. ಮೂಲೆಯಲ್ಲಿ, ಹಿಟ್ಟಿಗೆ ಮುಚ್ಚುವ ಬಿಳಿ ಬಟ್ಟೆಯ ಕೆಳಗೆ ಒಂದು ಸಣ್ಣ ಉಬ್ಬು ಮಾತ್ರ ಕಾಣುತ್ತಿತ್ತು.

"ಮಾವ, ಇವನಿಗೆ ಬಟ್ಟೆ ಮುಚ್ಚಿದ್ದು ಯಾರು?"

"ನಾನೇ ಕಣಮ್ಮ" ಎಂದರು ಮಾವ ಒಲೆಯ ಬಳಿಯಿಂದ. "ಬೆಳಿಗ್ಗೆಯಿಂದ ಸಪ್ಪಗಿದ್ದ. ಎರಡು ಸಲ ನೀರು ನೀರಾಗಿ ಹೊರಕಡೆ ಮಾಡ್ಕೊಂಡ, ಒರೆಸ್ದೆ. ಸುಸ್ತಾಗಿರುತ್ತೆ, ಮಲಗ್ಲಿ ಬಿಡು. ತಾನೇ ಎದ್ದು ಬರ್ತಾನೆ."

ಆ ಮಾತು ಕೇಳಿದ್ದೇ ತಡ, ನನಗೆ ನನ್ನ ಹಳೆಯ ಜ್ವರ ನೆನಪಾಯಿತು. ಬಟ್ಟೆ ಕಿತ್ತು ಬಿಸಾಡಿದೆ. ತುಣುಕ ಕಣ್ಣು ತೆರೆದ, ಆದರೆ ಆ ಕಣ್ಣುಗಳು ಒಳಗೆ ಹೂತುಹೋದಂತಿದ್ದವು. ಎತ್ತಿಕೊಂಡರೆ ಕತ್ತು ನನ್ನ ಅಂಗೈಯಿಂದ ಜಾರಿ ಬಿತ್ತು.

"ಮಾವ, ಬನ್ನಿ ಇಲ್ಲಿ!"

ಮಾವ ಕೈ ಒರೆಸಿಕೊಂಡು ಬಂದರು. ಹಿಟ್ಟು ಕಂಡರೆ ಚಿವುಟಿ ನೋಡುವ ಅವರ ಕೈ, ಅಭ್ಯಾಸಬಲದಿಂದ ಮರಿಯ ಭುಜದ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಿತು. ಚರ್ಮ ಕೆಳಗಿಳಿಯಲಿಲ್ಲ. ಎತ್ತಿದ ಕಡೆಯೇ ಮಡಿಕೆಯಾಗಿ ನಿಂತಿತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಮೆಲ್ಲಗೆ ಕುಸಿಯಿತು. ಮಾವನ ಮುಖದ ಬಣ್ಣವೇ ಬದಲಾಯಿತು.

"ಇದು ಸರಿಯಿಲ್ಲ. ನೆನ್ನೆ ಹಿಡ್ಕೊಂಡಾಗ ಟಪ್ ಅಂತ ವಾಪಸ್ ಹೋಗ್ತಿತ್ತು" ಎಂದರು.

ನಾನು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಇದೆ, ಆಕೆ ನಮ್ಮ ರಸ್ಕಿನ ಗಿರಾಕಿ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಮೈದುನ ಕ್ರೀಮಿನ ಕೈಯಲ್ಲೇ ಬಂದ. ಅತ್ತೆಯೂ ಗಲ್ಲಾ ಬಿಟ್ಟು ಬಂದು ಬಾಗಿಲಲ್ಲಿ ನಿಂತರು.

"ತುಟಿ ಎತ್ತಿ ವಸಡು ಮುಟ್ಟಿ ನೋಡಿ" ಎಂದರು ಡಾಕ್ಟರಮ್ಮ. "ನಿಮ್ಮ ಬಾಯೊಳಗೆ ಇರೋ ಹಾಗೆ ಒದ್ದೆಯಾಗಿ ಜಾರುತ್ತಾ, ಇಲ್ಲ ಬೆರಳು ಅಂಟುತ್ತಾ?"

ಮುಟ್ಟಿದೆ. ಬೆರಳು ಅಂಟಿತು. "ಅಂಟುತ್ತೆ ಡಾಕ್ಟರೇ. ಭುಜದ ಚರ್ಮ ಎತ್ತಿದ್ರೆ ಹಾಗೇ ನಿಲ್ಲುತ್ತೆ. ಕಣ್ಣು ಒಳಗೆ ಹೋಗಿದೆ."

"ಭೇದಿ? ವಾಂತಿ?"

"ಭೇದಿ ಆಗಿದೆ. ವಾಂತಿ ಇಲ್ಲ."

"ಉಚ್ಚೆ ಯಾವಾಗ ಮಾಡಿದ್ದು? ಬಣ್ಣ ಏನಿತ್ತು?"

ನಾನು ಮಾವನ ಮುಖ ನೋಡಿದೆ. ಮಾವ ಮೈದುನನ ಮುಖ ನೋಡಿದರು. ಮೈದುನ ಸೂರು ನೋಡಿದ.

"ಹೋಗ್ಲಿ, ಏನೇನು ತಿಂದಿದೆ ಹೇಳಿ."

"ರಸ್ಕು" ಎಂದೆ ನಾನು. ಅದನ್ನು ಕೊಟ್ಟವಳು ನಾನೇ.

"ಬ್ರೆಡ್ಡಿನ ಅಂಚು" ಎಂದರು ಮಾವ.

"ಬಿಸ್ಕತ್ತು" ಎಂದ ಮೈದುನ.

ಆಮೇಲೆ ಬಾಗಿಲಿನಿಂದ ಒಂದು ಸಣ್ಣ ದನಿ ಬಂತು. "ಬೆಣ್ಣೆ ಕ್ರೀಮು." ನಾವೆಲ್ಲ ತಿರುಗಿ ನೋಡಿದೆವು. ಅತ್ತೆ! ಈ ಮರಿಯೇ ಬೇಡ ಎಂದಿದ್ದ ನಮ್ಮ ಅತ್ತೆ! "ಏನು ಹಾಗೆ ನೋಡ್ತೀರ? ನೆನ್ನೆ ಸಂಜೆ ಒಂದು ಚಮಚ ನೆಕ್ಕಿಸ್ದೆ. ಬಾಲ ಆಡಿಸ್ತು, ಇನ್ನೊಂದು ಚಮಚ ಕೊಟ್ಟೆ."

"ಸರಿ, ಭೇದಿ ಎಲ್ಲಿಂದ ಬಂತು ಅಂತ ಗೊತ್ತಾಯ್ತು" ಎಂದರು ಡಾಕ್ಟರಮ್ಮ. "ಎಲ್ಲ ಒಣಗಿದ ತಿಂಡಿ, ಮೇಲೆ ಭೇದಿ, ಈ ಸೆಕೆ. ನೀರು ಯಾರು ಕೊಡ್ತಿದ್ರಿ?"

ಮೈದುನ ಕೊಡುತ್ತಾನೆಂದು ನಾನು, ನಾನು ಕೊಡುತ್ತೇನೆಂದು ಮಾವ, ಮಾವ ಕೊಡುತ್ತಾರೆಂದು ಮೈದುನ. ಅಂಗಳಕ್ಕೆ ಬಿಟ್ಟಾಗ ನಲ್ಲಿ ಕೆಳಗೆ ನೆಕ್ಕಿದ್ದೇ ಅದರ ಪಾಲಿನ ನೀರು. ಕೋಣೆಯಲ್ಲಿ ಒಂದು ಬಟ್ಟಲು ಇಡಬೇಕೆಂದು ನಾಲ್ವರಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಒಣ ಕಡೆಗೆ ನೀರು ಒಯ್ಯಬಾರದೆಂಬುದು ನಮ್ಮ ಮೈಗೆ ಅಷ್ಟು ಹೊಕ್ಕುಬಿಟ್ಟಿತ್ತು. ನನಗೆ ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋಗೋಣ ಎನ್ನಿಸಿತು.

"ತಕ್ಷಣ ತಗೊಂಡು ಬನ್ನಿ. ಬಾಯಿಗೆ ನೀರು ಸುರೀಬೇಡಿ, ಶ್ವಾಸಕ್ಕೆ ಹೋಗುತ್ತೆ. ಹೊರಡಿ!"

ಆಮೇಲೆ ನಡೆದದ್ದನ್ನು ನಮ್ಮ ಬೀದಿಯವರು ಇನ್ನೂ ಹೇಳಿಕೊಂಡು ನಗುತ್ತಾರೆ. ಹಬೆಯಾಡುವ ಬ್ರೆಡ್ಡಿಗಾಗಿ ಕಾದು ನಿಂತಿದ್ದ ಗಿರಾಕಿಗಳನ್ನು ಅತ್ತೆ ಕೋಳಿ ಓಡಿಸಿದಂತೆ ಹೊರಗೆ ಓಡಿಸಿದರು. "ಆಮೇಲೆ ಬನ್ನಿ, ಆಮೇಲೆ!" ಹಾಡುಹಗಲಲ್ಲಿ ಶಟರ್ ಎಳೆದರು. ಮರಿಯನ್ನು ಎದೆಗವಚಿಕೊಂಡು ನಾನು ಓಡಿದೆ. ಬಿಸಿಲು ತಾಗಬಾರದೆಂದು ಬ್ರೆಡ್ ಜೋಡಿಸುವ ದೊಡ್ಡ ತಟ್ಟೆಯನ್ನು ನನ್ನ ತಲೆಯ ಮೇಲೆ ಛತ್ರಿಯಂತೆ ಹಿಡಿದು ಅತ್ತೆ ಜೊತೆಗೆ ಓಡಿದರು. ಮಂಡಿ ನೋವೆಂದು ಮಹಡಿ ಹತ್ತದ ಹೆಂಗಸು! ಹಿಂದೆ ಮಾವ, ಅವರ ಹಿಂದೆ ಕ್ರೀಮಿನ ಕೈಯ ಮೈದುನ. ನಾನು ಮಾತ್ರ ಯಾರನ್ನೂ ನೋಡಲಿಲ್ಲ. ತುಣುಕನ ಹೊಟ್ಟೆ ಏರಿಳಿಯುತ್ತಿದೆಯೇ ಎಂಬುದೊಂದೇ ನನಗೆ ಬೇಕಿತ್ತು.

ಡಾಕ್ಟರಮ್ಮ ಕಾಯುತ್ತಿದ್ದರು. ಮೈಕಾವು ನೋಡಿದರು, ಭೇದಿಯ ಪರೀಕ್ಷೆ ಮಾಡಿದರು. ಮರಿಗಳನ್ನು ಕೊಲ್ಲುವಂಥ ಕೆಟ್ಟ ವೈರಸ್ಸು ಇಲ್ಲ ಎಂದಾಗ ನನಗೆ ಹೋದ ಜೀವ ಅರ್ಧ ಬಂತು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದ ಔಷಧಿ ನೀರನ್ನು ಸೂಜಿಯ ಮೂಲಕ ಭುಜದ ಚರ್ಮದ ಕೆಳಗೆ ಬಿಟ್ಟರು. ತುಣುಕ ಕುಂಯ್ ಎಂದ. ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಅತ್ತೆಯ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ.

ನೋಡನೋಡುತ್ತ ಮರಿಯ ಬೆನ್ನ ಮೇಲೆ ಒಂದು ಉಬ್ಬು ಎದ್ದಿತು.

"ಅರೆ, ಬನ್ನು ಉಬ್ಬಿದ ಹಾಗೆ ಉಬ್ತಲ್ಲ!" ಎಂದರು ಮಾವ.

"ಅದು ನೀರು. ಮೈ ತಾನೇ ನಿಧಾನಕ್ಕೆ ಹೀರ್ಕೊಳ್ಳುತ್ತೆ" ಎಂದರು ಡಾಕ್ಟರಮ್ಮ. "ಈಗ ಕೇಳಿ. ಈ ಪೊಟ್ಟಣದ ಪುಡಿ ಕಲಸಿದ ನೀರನ್ನ ಡ್ರಾಪರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಕೊಡ್ಬೇಕು, ಆಗಾಗ ಕೊಡ್ಬೇಕು. ಅಂಗಾತ ಮಲಗಿಸ್ಬೇಡಿ. ಹೊಟ್ಟೆ ಕೆಳಗೆ ಮಾಡಿ ಕೂರಿಸಿ, ಕೆನ್ನೆ ಪಕ್ಕದಿಂದ ಹನಿ ಹನಿ. ನುಂಗಿದ ಮೇಲೇ ಮುಂದಿನ ಹನಿ. ಒಟ್ಟಿಗೆ ಕುಡಿಸಿದ್ರೆ ವಾಂತಿ ಮಾಡುತ್ತೆ, ಇರೋ ನೀರೂ ಹೋಗುತ್ತೆ."

"ಆಮೇಲೆ ಬಟ್ಟೆ ಮುಚ್ಚಿ ಬಿಡ್ಬೋದಾ?" ಎಂದು ಮಾವ ಆಸೆಯಿಂದ ಕೇಳಿದರು.

"ಬಿಡೋದೊಂದನ್ನ ಬಿಟ್ಟು ಬೇರೆ ಏನಾದ್ರೂ ಮಾಡಿ!"

ಬಾಗಿಲವರೆಗೆ ಬಂದು ಡಾಕ್ಟರಮ್ಮ ನನ್ನನ್ನು ನಿಲ್ಲಿಸಿದರು. "ಇವನು ಉಚ್ಚೆ ಮಾಡ್ಬೇಕು. ಮಾಡಿದ್ರೆ ನೀರು ಸಾಕಷ್ಟು ಸೇರಿದೆ, ಒಳಗೆ ಎಲ್ಲ ನಡೀತಿದೆ ಅಂತ ಅರ್ಥ. ಸಂಜೆ ಮನೆಗೆ ಹೋಗ್ತಾ ನಿಮ್ಮಲ್ಲಿಗೆ ಬರ್ತೀನಿ. ಅಷ್ಟರಲ್ಲಿ ಮಾಡದೆ ಇದ್ರೆ ಇಲ್ಲೇ ಇಟ್ಕೊಂಡು ರಕ್ತನಾಳಕ್ಕೆ ಕೊಡ್ಬೇಕಾಗುತ್ತೆ. ಇಷ್ಟು ಚಿಕ್ಕ ಮರಿ, ಮಾತು ಕೊಡೋಕೆ ಆಗಲ್ಲ."

ಅಂಗಡಿಗೆ ಮರಳಿದೆವು. ಅತ್ತೆ ಬಾಗಿಲು ತೆರೆದವರೇ ಯಾರಿಗೂ ಒಂದು ಮಾತೂ ಹೇಳದೆ ಅಂಚು ತಗ್ಗಾದ ಅಗಲದ ಕೇಕ್ ಟಿನ್ ಒಂದನ್ನು ತೊಳೆದು, ನೀರು ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ತುಳುಕಿಸುತ್ತ ಪೆಟ್ಟಿಗೆ ಕೋಣೆಗೆ ನಡೆದರು. ಒಣ ಕಡೆಗೆ! ಮೈದುನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ನೋಡ್ತಾ ನಿಂತ್ಕೋಬೇಡ, ಇನ್ನೊಂದು ಟಿನ್ ತುಂಬಿಸಿ ಗಲ್ಲಾ ಪಕ್ಕ ಇಡು. ಮೆಟ್ಟಿಲ ಹತ್ರ ಒಂದು" ಎಂದು ಅವನ ಮೇಲೆ ರೇಗಿದರು. ಒಲೆಯ ಗೋಡೆಯ ಪಕ್ಕದಿಂದ ಮರಿಯ ಹಾಸಿಗೆಯನ್ನೂ ಎತ್ತಿಸಿ, ಗಾಳಿಯಾಡುವ ಗಲ್ಲಾದ ಮೂಲೆಗೆ ತರಿಸಿದರು.

ಆಮೇಲೆ ಶುರುವಾಯಿತು ನೋಡಿ ನಮ್ಮ ದಂಡಯಾತ್ರೆ. ಬೇಕರಿಯವರಿಗೆ ಬಟ್ಟೆ ಮುಚ್ಚುವುದೊಂದೇ ಬರುತ್ತದೆ ಎಂದು ನಾನು ಹಂಗಿಸಿದೆನಲ್ಲ, ಇನ್ನೊಂದೂ ಬರುತ್ತದೆ: ಹೊತ್ತಿಗೆ ಸರಿಯಾಗಿ ಕೆಲಸ ಮಾಡುವುದು. ಬಿಸ್ಕತ್ತು ಸೀಯದಂತೆ ಎಚ್ಚರಿಸುವ ಗಂಟೆಯನ್ನು ಮಾವ ಡ್ರಾಪರಿನ ಹೊತ್ತಿಗೆ ತಿರುಗಿಸಿಟ್ಟರು. ಗಂಟೆ ಟ್ರಿಣ್ ಎಂದರೆ ಅತ್ತೆ ಮರಿಯನ್ನು ಮಡಿಲಲ್ಲಿ ಹೊಟ್ಟೆ ಕೆಳಗಾಗಿ ಕೂರಿಸಿಕೊಳ್ಳುವರು, ನಾನು ಕೆನ್ನೆಯ ಬದಿಯಿಂದ ಹನಿ ಬಿಡುವೆ. ಮೊದಮೊದಲು ಅವನು ನುಂಗುವುದನ್ನೂ ಮರೆತವನಂತೆ ಬಾಯಲ್ಲೇ ಇಟ್ಟುಕೊಂಡ. "ನುಂಗು ಕಂದಾ, ನುಂಗು" ಎಂದು ನಾನು ಗೋಗರೆದೆ. ಗಂಟಲು ಒಂದು ಸಲ ಆಡಿತು. ಮಾವ ಒಲೆಯ ಬಳಿಯಿಂದಲೇ ಕೂಗಿದರು. "ನುಂಗಿದ್ನಾ?" "ನುಂಗ್ದ!" "ಭೇಷ್!"

ಗಿರಾಕಿಗಳು ಬಂದರು. ಓಡಿಸಿದ್ದಕ್ಕೆ ಜಗಳ ಆಡಲು ಬಂದವರು ವಿಷಯ ತಿಳಿದು ಅಲ್ಲೇ ನಿಂತರು. ಎದುರಂಗಡಿಯ ದರ್ಜಿಯಣ್ಣ ಬನ್ನು ಕೊಳ್ಳುವ ನೆಪದಲ್ಲಿ ಮತ್ತೆ ಮತ್ತೆ ಬಂದು, "ಆಯ್ತಾ?" ಎಂದು ಕೇಳಿ ಹೋಗುತ್ತಿದ್ದ. ಅದೊಂದೇ ಪ್ರಶ್ನೆ ಬೀದಿಯ ತುಂಬ ಓಡಾಡಿತು. ಜನ ಒಂದು ಉಚ್ಚೆಗಾಗಿ ಹೀಗೆ ಕಾಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬೆನ್ನ ಮೇಲಿನ ಉಬ್ಬು ಕರಗಿತು. ತುಟಿ ಎತ್ತಿ ವಸಡು ಮುಟ್ಟಿದೆ, ಬೆರಳು ಜಾರಿತು. ಮತ್ತೆ ಮುಟ್ಟಿದೆ, ಮತ್ತೆ ಜಾರಿತು. ಮಾವ ಭುಜದ ಚರ್ಮ ಎತ್ತಿ ಬಿಟ್ಟರು, ಅದು ಟಪ್ಪನೆ ಕೆಳಗಿಳಿಯಿತು. ಮಾವ ಅದನ್ನೇ ಇನ್ನೊಂದು ಸಲ ಮಾಡಲು ಹೋದಾಗ ಅತ್ತೆ ಅವರ ಕೈಗೊಂದು ಏಟು ಕೊಟ್ಟರು. "ಅದೇನು ಹಿಟ್ಟಾ? ಸಾಕು ಚಿವುಟಿದ್ದು." ತುಣುಕ ತಲೆ ಎತ್ತಿ ಅತ್ತೆಯ ಗಲ್ಲ ಮೂಸಿದ.

ಆದರೂ ಅದೊಂದು ಆಗಿರಲಿಲ್ಲ. ಡಾಕ್ಟರಮ್ಮನ ಮಾತು ನನ್ನ ಕಿವಿಯಲ್ಲೇ ಇತ್ತು. ಕೆಂಚಿ ನೆನಪಾದಳು. ನಿನ್ನ ಮಗನಿಗೆ ಒಂದು ಬಟ್ಟಲು ನೀರು ಇಡುವಷ್ಟು ಬುದ್ಧಿಯೂ ನನಗಿರಲಿಲ್ಲವಲ್ಲೇ ಎಂದು ಒಳಗೊಳಗೇ ಅವಳ ಬಳಿ ಕಣ್ಣೀರಿಟ್ಟೆ. ಡ್ರಾಪರನ್ನು ಮೈದುನನಿಗೆ ಕೊಟ್ಟೆ.

ಬೀದಿ ದೀಪ ಹತ್ತುವ ವೇಳೆಗೆ ಡಾಕ್ಟರಮ್ಮ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅಂಗಡಿ ತುಂಬ ಜನ. "ಆಯ್ತಾ?" ಎಂದರು.

ನಾನು ಇಲ್ಲವೆಂದು ತಲೆಯಾಡಿಸಿದೆ. ಡಾಕ್ಟರಮ್ಮ ಚೀಲ ಕೆಳಗಿಟ್ಟು, "ಕೊಡಿ ಇಲ್ಲಿ, ಕರ್ಕೊಂಡು ಹೋಗ್ತೀನಿ" ಎಂದು ಕೈ ಚಾಚಿದರು. ಅತ್ತೆ ಮರಿಯನ್ನು ಬಿಡಲಿಲ್ಲ, ಇನ್ನಷ್ಟು ಒತ್ತಿ ಹಿಡಿದುಕೊಂಡರು. ಹಾಗೆ ಹಿಡಿದವರು ಇದ್ದಕ್ಕಿದ್ದಂತೆ ಸ್ಟೂಲಿನ ಮೇಲೆ ನೆಟ್ಟಗಾದರು. ಕಣ್ಣು ಅಗಲವಾದವು.

"ಬಿಸಿ" ಎಂದರು.

"ಏನತ್ತೆ? ಜ್ವರವಾ?"

"ಜ್ವರ ಅಲ್ಲ ಕಣೇ! ಮಾಡ್ತಿದಾನೆ! ಅಯ್ಯೋ ಮಾಡ್ತಾನೇ ಇದಾನೆ!"

ಅತ್ತೆಯ ಬಿಳಿ ಏಪ್ರನ್ ಮಡಿಲಿನಿಂದ ಮಂಡಿಯವರೆಗೆ ಒದ್ದೆಯಾಗುತ್ತಿತ್ತು. ಮೈದುನ ಬಟ್ಟೆ ಹಿಡಿದು ಓಡಿಬಂದ. "ಒರೆಸ್ಬೇಡ!" ಎಂದು ಅತ್ತೆ ಗದರಿದರು. "ಡಾಕ್ಟರು ಬಣ್ಣ ನೋಡ್ಬೇಕು!"

ಡಾಕ್ಟರಮ್ಮ ಬಗ್ಗಿ ಏಪ್ರನ್ ನೋಡಿದರು, ಮರಿಯ ಕಣ್ಣು, ವಸಡು ನೋಡಿದರು. ಆಮೇಲೆ ನಕ್ಕರು. "ತಿಳಿ ಹಳದಿ. ಗೆದ್ರಿ."

ಅಂಗಡಿಯಲ್ಲಿ ಎದ್ದ ಗಲಾಟೆ! ದರ್ಜಿಯಣ್ಣ ಚಪ್ಪಾಳೆ ಹೊಡೆದ. ಮಾವ ಕಾರಣವಿಲ್ಲದೆ ಗಂಟೆಯನ್ನು ಟ್ರಿಣ್ ಟ್ರಿಣ್ ಎನ್ನಿಸಿದರು. ನಾನು ಅತ್ತೆಯ ಕಾಲ ಬಳಿಯೇ ಕುಸಿದು ಕೂತೆ, ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಬ್ರೆಡ್ ಹಂಚಿ ಆಗಷ್ಟೇ ಬಂದಿಳಿದ ನನ್ನ ಗಂಡ, ಒದ್ದೆ ಏಪ್ರನ್ನಿನಲ್ಲಿ ಮಹಾರಾಣಿಯಂತೆ ಕೂತ ತಾಯಿಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

ಡಾಕ್ಟರಮ್ಮ ಗಲಾಟೆಯ ನಡುವೆಯೇ ಹೇಳಬೇಕಾದದ್ದನ್ನು ಹೇಳಿದರು. ನೀರಿನ ಟಿನ್ನುಗಳು ಯಾವಾಗಲೂ ಇರಲಿ, ನೀರು ಹಳತಾಗಲು ಬಿಡಬೇಡಿ. ರಸ್ಕು, ಕ್ರೀಮು ಬಂದ್. ಮರಿಗಳ ಆಹಾರವನ್ನೇ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡಿ. ಭೇದಿಯೋ ವಾಂತಿಯೋ ಆದರೆ, ಸಪ್ಪಗಾದರೆ, ಮಲಗಲಿ ಎಂದು ಕಾಯದೆ ಮೊದಲು ವಸಡು ಮುಟ್ಟಿ ನೋಡಿ, ಬಂದುಬಿಡಿ. ಹೊಟ್ಟೆಹುಳುವಿನ ಮದ್ದಿಗೆ ಮುಂದಿನ ವಾರ ಬನ್ನಿ. ನಾವು ನಾಲ್ವರೂ ಒಟ್ಟಿಗೆ ತಲೆಯಾಡಿಸಿದೆವು.

ಅತ್ತೆ ತುಣುಕನನ್ನು ಮೆಲ್ಲಗೆ ನೆಲಕ್ಕೆ ಬಿಟ್ಟರು. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಒಟ್ಟು ಮಾಡಿಕೊಂಡು ಎದ್ದ. ಮೂಗು ಎತ್ತಿ ಗಾಳಿ ಹಿಡಿದ, ತಟ್ಟಾಡುತ್ತ ಗಲ್ಲಾ ಪಕ್ಕದ ಟಿನ್ನಿನ ಬಳಿ ಹೋದ. ಒಂದು ಮುಂಗಾಲನ್ನು ನೀರಿನೊಳಗೇ ಇಟ್ಟು ತಲೆ ಬಗ್ಗಿಸಿದ. ಯಾರೂ ಹೇಳದೆಯೇ ಅಂಗಡಿ ನಿಶ್ಶಬ್ದವಾಯಿತು. ಚಪ್, ಚಪ್, ಚಪ್.

ಆಗ ಬೀದಿಯಿಂದ ಹೊಸ ಗಿರಾಕಿಯೊಬ್ಬ ನುಗ್ಗಿ ಬಂದು, "ಅಮ್ಮಾ, ಬ್ರೆಡ್ ಕೊಡಿ, ಬೇಗ" ಎಂದ.

ಅತ್ತೆ ಅವನ ಕಡೆ ತಿರುಗಲೇ ಇಲ್ಲ. "ಸ್ವಲ್ಪ ತಡಿಯಪ್ಪ" ಎಂದರು. "ನಮ್ಮ ಮಗು ನೀರು ಕುಡೀತಿದೆ."